ಹಾಡು ಒಂದೇ ಕಡೆ ವಾಲುತ್ತಾ?
ರಾತ್ರಿ ವಾಲ್ಯೂಮ್ ತಗ್ಗಿಸಿದಾಗ ಹಾಡು ಒಂದೇ ಸ್ಪೀಕರ್ ಕಡೆ ವಾಲಿದರೆ, ಸಾಮಾನ್ಯವಾಗಿ ತಪ್ಪು ಅಗ್ಗದ ಕಾರ್ಬನ್ ಪಾಟ್‌ನದ್ದು. ಅದರೊಳಗಿನ ಎರಡು ಟ್ರ್ಯಾಕ್‌ಗಳು ಕೆಳಮಟ್ಟದಲ್ಲಿ ಸಮ ಇರಲ್ಲ. ಬದಲಿಗೆ ರೋಟರಿ ಸ್ವಿಚ್‌ಗೆ 1% ರೆಸಿಸ್ಟರ್‌ಗಳನ್ನು ಬೆಸೆದು ಸ್ಟೆಪ್ಡ್ ಅಟೆನ್ಯುಯೇಟರ್ ಮಾಡ್ಕೊಳ್ಳಿ. ಎರಡೂ ಚಾನೆಲ್ ಜೊತೆಜೊತೆಗೇ ಇಳಿಯುತ್ತವೆ.

ಆದ್ರೆ 100 ಕಿಲೋಓಮ್ ಅಟೆನ್ಯುಯೇಟರ್‌ನಲ್ಲಿ ಸಿಗ್ನಲ್ ಅರ್ಧಕ್ಕಿಳಿದಾಗ ಔಟ್‌ಪುಟ್ ಇಂಪೀಡೆನ್ಸ್ 25 ಕಿಲೋಓಮ್. ಕೇಬಲ್‌ನಲ್ಲಿ 500 ಪಿಕೋಫ್ಯಾರಡ್ ಇದ್ದರೆ 13 ಕಿಲೋಹರ್ಟ್ಸ್ ಹತ್ತಿರವೇ 3 ಡೆಸಿಬೆಲ್ ನಷ್ಟ, ತಾಳ-ಗೆಜ್ಜೆಯ ಸದ್ದು ಮಂಕು.

ಅದಕ್ಕೇ 12ಎಯು7 ವಾಲ್ವ್ ಬಫರ್. (ಬಫರ್ ಅಂದ್ರೆ ದನಿ ಹೆಚ್ಚಿಸೋದು ಅಂತ ನಾನೂ ಅಂದ್ಕೊಂಡಿದ್ದೆ!) ಕ್ಯಾಥೋಡ್ ಫಾಲೋವರ್‌ನ ಗೇನ್ ಒಂದಕ್ಕಿಂತ ತುಸು ಕಮ್ಮಿಯೇ, ಇಂಪೀಡೆನ್ಸ್ ಮಾತ್ರ ಸುಮಾರು 500 ಓಮ್‌ಗೆ ಬೀಳುತ್ತೆ. ಒಂದೇ ವಾಲ್ವ್‌ನಲ್ಲಿ ಎರಡು ಟ್ರಯೋಡ್, ಎರಡು ಚಾನೆಲ್‌ಗೂ ಸಾಕು.

ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಉಳಿದಿರಬಹುದು. ಬ್ಲೀಡರ್ ರೆಸಿಸ್ಟರ್ ಹಾಕಿ. ಆದರೂ ಮೀಟರ್ ಹಿಡಿದು ನೋಡದೆ ಒಳಗೆ ಕೈ ಹಾಕ್ಬೇಡಿ.