ಚರ್ಮದೊಳಗೆ ಹೊಕ್ಕ ಬೆಳಕು

ರಾತ್ರಿ ಕರೆಂಟು ಹೋದಾಗ ಟಾರ್ಚಿನ ಗಾಜಿಗೆ ಬೆರಳು ಒತ್ತಿ ನೋಡದ ಮಕ್ಕಳುಂಟೇ? ಬೆರಳು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ಮನುಷ್ಯನ ಮುಖವನ್ನು ನಂಬುವಂತೆ ಮೂಡಿಸಲು ಹೊರಟವರನ್ನು ಬಹುಕಾಲ ಕಾಡಿದ ಒಗಟು ಈ ಆಟದಲ್ಲೇ ಅಡಗಿದೆ.

ತಲೆಯ ಆಕಾರ ರಚಿಸುವ ವಿದ್ಯೆ ಹಳೆಯದು. 1971ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಹೆನ್ರಿ ಗೋರೊ ತಮ್ಮ ಪತ್ನಿಯ ಮುಖದ ಮೇಲೆ ಗೆರೆ ಎಳೆದು, ಅಳತೆ ತೆಗೆದು, ಕಂಪ್ಯೂಟರಿನಲ್ಲಿ ಆ ಮುಖವನ್ನು ಮೂಡಿಸಿದರು. 1974ರಲ್ಲಿ ಅಲ್ಲಿಯೇ ಎಡ್ ಕ್ಯಾಟ್ಮಲ್ ಇಂಥ ಆಕಾರಕ್ಕೆ ಚಿತ್ರ ಹೊದಿಸುವ ವಿಧಾನ ತೋರಿಸಿದರು. ಅದೇ ಟೆಕ್ಸ್‌ಚರ್ ಮ್ಯಾಪಿಂಗ್. ತಲೆಯ ಮೇಲ್ಮೈಯನ್ನು ಕಿತ್ತಳೆ ಸಿಪ್ಪೆಯಂತೆ ಬಿಡಿಸಿ ಹರಡಿ, ಮೈಬಣ್ಣ, ಮಚ್ಚೆಗಳನ್ನು ಬರೆದು, ಮತ್ತೆ ಸುತ್ತಿದ ಹಾಗೆ.

ಹಾಗಾದರೆ ಒಂದು ಫೋಟೊ ಅಂಟಿಸಿದರೆ ಸಾಕಲ್ಲವೇ? ಸಾಲದು. ಫೋಟೊದಲ್ಲಿ ಹಣೆಯ ಹೊಳಪು, ಮೂಗಿನ ನೆರಳು ಆಗಲೇ ಅಚ್ಚಾಗಿರುತ್ತವೆ. ತಲೆ ತಿರುಗಿದರೂ ಅವು ಕದಲುವುದಿಲ್ಲ, ಮುಖ ಮುಖವಾಡವಾಗುತ್ತದೆ.

ಇನ್ನೊಂದು ತೊಡಕು ಚರ್ಮದ್ದೇ. ಅದು ಸುಣ್ಣ ಬಳಿದ ಗೋಡೆಯಲ್ಲ. ಬೆಳಕು ಅದರೊಳಗೆ ಹೊಕ್ಕು, ಚದುರಿ, ರಕ್ತದ ಕೆಂಪು ಬೆರೆಸಿಕೊಂಡು ಬೇರೊಂದು ಕಡೆ ಹೊರಬರುತ್ತದೆ. ಇದನ್ನು ಬಿಟ್ಟರೆ ಮುಖ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. 2001ರಲ್ಲಿ ಹೆನ್ರಿಕ್ ಜೆನ್ಸನ್ ಮತ್ತು ಸಂಗಡಿಗರು ಈ ಚದುರಿಕೆಯನ್ನು ಬೇಗನೆ ಲೆಕ್ಕ ಹಾಕುವ ಸೂತ್ರ ಪ್ರಕಟಿಸಿದರು. ಈ ಸಂಶೋಧನೆಗೆ 2004ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಮೊದಲ ತೊಡಕಿಗೆ ಉತ್ತರ ಕೊಟ್ಟವರಲ್ಲಿ ಪಾಲ್ ಡೆಬೆವೆಕ್ ಪ್ರಮುಖರು. 2008ರಲ್ಲಿ ಲಾಸ್ ಏಂಜಲೀಸ್ ಬಳಿಯ ಅವರ ಪ್ರಯೋಗಾಲಯದಲ್ಲಿ ನಟಿ ಎಮಿಲಿ ಒಬ್ರಯನ್ 156 ದೀಪಗಳ ಗೋಳದೊಳಗೆ ಕುಳಿತರು. ಮೂವತ್ತಕ್ಕೂ ಹೆಚ್ಚು ಮುಖಭಾವಗಳು. ಒಂದೊಂದನ್ನೂ ಕೆಲವು ಸೆಕೆಂಡು ಅಲುಗಾಡದೆ ಹಿಡಿದಿಡಬೇಕು.

ದೀಪಕ್ಕೂ ಕ್ಯಾಮೆರಾಕ್ಕೂ ಧ್ರುವೀಕರಣದ ಫಿಲ್ಟರ್ ಹಾಕಿದ್ದರು. ಚರ್ಮದ ಮೇಲಿಂದಲೇ ಪ್ರತಿಫಲಿಸುವ ಬೆಳಕು ಧ್ರುವೀಕರಣವನ್ನು ಉಳಿಸಿಕೊಳ್ಳುತ್ತದೆ. ಒಳಗೆ ಚದುರಿದ್ದು ಕಳೆದುಕೊಳ್ಳುತ್ತದೆ. ಫಿಲ್ಟರನ್ನು ಅಡ್ಡ ತಿರುಗಿಸಿದರೆ ಹೊಳಪು ಮಾಯವಾಗಿ ಚರ್ಮದ ಬಣ್ಣ ಮಾತ್ರ ಉಳಿಯುತ್ತದೆ. ಬೇರ್ಪಟ್ಟ ಹೊಳಪಿನಿಂದ ರೋಮರಂಧ್ರ, ಸುಕ್ಕುಗಳ ಏರುತಗ್ಗು ಸಿಗುತ್ತದೆ. ಹೀಗೆ ತಯಾರಾದ ಎಮಿಲಿಯ ಮುಖವನ್ನು ಪರದೆಯ ಮೇಲೆ ಕಂಡ ಅನೇಕರಿಗೆ ಅದು ಕಂಪ್ಯೂಟರಿನದೆಂದು ಗೊತ್ತಾಗಲೇ ಇಲ್ಲ.

ಕೈಯಿಂದ ಚರ್ಮ ಬಿಡಿಸುವ ಕಲಾವಿದರೂ ಬಣ್ಣ, ಹೊಳಪು, ಏರುತಗ್ಗುಗಳಿಗೆ ಬೇರೆ ಬೇರೆ ಪದರ ಮಾಡುತ್ತಾರೆ. ಎಣ್ಣೆಯಂಶವಿರುವ ಮೂಗು ಕೆನ್ನೆಗಿಂತ ಹೆಚ್ಚು ಮಿನುಗಬೇಕು. ಎಡಗೆನ್ನೆಯನ್ನೇ ನಕಲು ಮಾಡಿ ಬಲಕ್ಕೆ ಹಚ್ಚಿದರೆ ಜೀವ ಹೋಯಿತೆಂದೇ ಲೆಕ್ಕ. ಯಾರ ಮುಖದ ಎರಡು ಪಕ್ಕಗಳೂ ಒಂದೇ ಆಗಿರುವುದಿಲ್ಲ.

ಆನಿಮೇಷನ್ ಕಲಿಯುವ ಹುಡುಗನಿಗೆ ಭೌತಶಾಸ್ತ್ರವೇಕೆ, ಚಿತ್ರ ಬರೆಯುವ ಅಭ್ಯಾಸವೇಕೆ, ಸಾಫ್ಟ್‌ವೇರ್ ಬಂದರೆ ಸಾಲದೇ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಪಿಯುಸಿ ಪುಸ್ತಕದ ಧ್ರುವೀಕರಣದ ಪಾಠವೇ ಎಮಿಲಿಯ ಮುಖದ ಹಿಂದೆ ಕೆಲಸ ಮಾಡಿದ್ದು. ಫೀಸು ಕಟ್ಟುವ ಮೊದಲು ಆ ಕೋರ್ಸಿನಲ್ಲಿ ಇವೆರಡಕ್ಕೂ ಜಾಗವಿದೆಯೇ ಎಂದು ವಿಚಾರಿಸಿ.

ಮಕ್ಕಳು ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ. ಸಂಜೆಯ ಬಿಸಿಲಿಗೆ ಬೆನ್ನು ಹಾಕಿ ಕುಳಿತ ಅಜ್ಜಿಯ ಕಿವಿಯನ್ನು ಎದುರಿನಿಂದ ನೋಡಲಿ. ಎಲ್ಲಿ ಎಷ್ಟು ಕೆಂಪು ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ.