ನಕ್ಷೆಯ ಬಣ್ಣಕ್ಕೂ ಅಳತೆ ಬೇಕು

ತುಂಗಭದ್ರೆಯ ಕಾಲುವೆ ನೀರುಣ್ಣುವ ಸಿರುಗುಪ್ಪ, ಕುರುಗೋಡು ಭಾಗದ ಎರೆಭೂಮಿಯಲ್ಲಿ ನೀರು ಬಸಿದುಹೋಗದೆ ನಿಂತು, ಆವಿಯಾದಂತೆಲ್ಲ ಲವಣವನ್ನು ಮೇಲ್ಪದರಕ್ಕೆ ಎಳೆತಂದು, ಗದ್ದೆಯನ್ನು ಸವಳಾಗಿಸುವುದುಂಟು. ಮಣ್ಣಿನಿಂದ ತೆಗೆದ ದ್ರಾವಣದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆದರೆ ಲವಣದ ಪ್ರಮಾಣ ತಿಳಿಯುತ್ತದೆ. ಈ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅಂಥದ್ದನ್ನು ಸವಳು ಮಣ್ಣೆನ್ನುವುದು ವಾಡಿಕೆ. ನೂರಾರು ಹೊಲಗಳ ಇಂಥ ಅಂಕಿಗಳನ್ನು ಕೋಷ್ಟಕದಲ್ಲಿ ಓದುವುದಕ್ಕಿಂತ ನಕ್ಷೆಯ ಮೇಲೆ ಬಣ್ಣವಾಗಿ ನೋಡುವುದು ಸುಲಭ. ಆದರೆ ಯಾವ ಬಣ್ಣ ಯಾವ ಅಂಕಿಗೆ ಸಲ್ಲುತ್ತದೆಂದು ತಿಳಿಸುವ ಪಟ್ಟಿ, ಅಂದರೆ ಕಲರ್‌ಬಾರ್, ಪಕ್ಕದಲ್ಲಿಲ್ಲದಿದ್ದರೆ ಆ ನಕ್ಷೆ ಬರಿಯ ರಂಗೋಲಿ.

ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್‌ನಂಥ ತಂತ್ರಾಂಶದಲ್ಲಿ ಈ ಪಟ್ಟಿಯನ್ನು ಸೇರಿಸಲು ಒಂದೇ ಸಾಲಿನ ಆಜ್ಞೆ ಸಾಕು. ತೊಡಕಿರುವುದು ಅದರ ಮಿತಿಗಳಲ್ಲಿ. ಬಳಸುವವರು ಏನನ್ನೂ ಸೂಚಿಸದಿದ್ದರೆ ತಂತ್ರಾಂಶವು ಕೊಟ್ಟ ಅಂಕಿಗಳಲ್ಲಿ ಅತಿ ಕಡಿಮೆಯದನ್ನು ಪಟ್ಟಿಯ ಒಂದು ತುದಿಗೂ ಅತಿ ಹೆಚ್ಚಿನದನ್ನು ಇನ್ನೊಂದು ತುದಿಗೂ ತಾನೇ ಹೊಂದಿಸಿಬಿಡುತ್ತದೆ. ಸಿರುಗುಪ್ಪದ ಮಾದರಿಗಳು 1ರಿಂದ 12ರವರೆಗೂ ಕುರುಗೋಡಿನವು 1ರಿಂದ 3ರವರೆಗೂ ಇವೆಯೆಂದು ಊಹಿಸಿದರೆ, ಪ್ರತ್ಯೇಕವಾಗಿ ಬರೆದ ಎರಡು ನಕ್ಷೆಗಳಲ್ಲಿ ಅಲ್ಲಿಯ 12 ಮತ್ತು ಇಲ್ಲಿಯ 3 ಒಂದೇ ಬಣ್ಣ ತಳೆದು, ಸವಳೇ ಅಲ್ಲದ ಮಣ್ಣು ಕೆಟ್ಟುಹೋದಂತೆ ಕಾಣುತ್ತದೆ. ಎರಡಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಮಿತಿಯನ್ನು ಕೈಯಾರೆ ನಿಗದಿಪಡಿಸದೆ ತಾಲ್ಲೂಕುಗಳ ಹೋಲಿಕೆ ಸಾಧ್ಯವಿಲ್ಲ. 4ರ ಗಡಿಯೇ ಮುಖ್ಯವಾದಾಗ ಅದನ್ನು ನಡುವಿಗಿಟ್ಟು, ಎರಡೂ ಬದಿಗೆ ಬೇರೆ ಬೇರೆ ಬಣ್ಣ ಗಾಢವಾಗುತ್ತ ಹೋಗುವ ಇಬ್ಬದಿಯ ಪಟ್ಟಿ ಹೆಚ್ಚು ಪ್ರಾಮಾಣಿಕ.

ಬಣ್ಣಗಳ ಆಯ್ಕೆಯೂ ಕಡೆಗಣಿಸುವ ವಿಷಯವಲ್ಲ. ಬಹುಕಾಲ ರೂಢಿಯಲ್ಲಿದ್ದ ‘ಜೆಟ್’ ಎಂಬ ಕಾಮನಬಿಲ್ಲಿನ ಪಟ್ಟಿಯಲ್ಲಿ ನಡುವಿನ ಹಳದಿ ಅಗತ್ಯ ಮೀರಿ ಹೊಳೆದು, ಅಂಕಿಗಳಲ್ಲಿಲ್ಲದ ಅಂಚನ್ನು ಕಣ್ಣಿಗೆ ತೋರಿಸುತ್ತದೆ; ಬಳ್ಳಾರಿಯ ಯಾವುದೋ ಅಂಗಡಿಯಲ್ಲಿ ಅದರ ಕಪ್ಪುಬಿಳುಪು ಜೆರಾಕ್ಸ್ ತೆಗೆಸಿದರೆ ಕಡುನೀಲಿಯೂ ಕಡುಗೆಂಪೂ, ಅಂದರೆ ಅತಿ ಕಡಿಮೆಯೂ ಅತಿ ಹೆಚ್ಚೂ, ಒಂದೇ ಬೂದುಬಣ್ಣಕ್ಕೆ ಇಳಿಯುತ್ತವೆ. 2017ರಲ್ಲಿ ಬಂದ ಮ್ಯಾಟ್‌ಪ್ಲಾಟ್‌ಲಿಬ್‌ನ 2.0 ಆವೃತ್ತಿ ಜೆಟ್ ಅನ್ನು ಬದಿಗೆ ಸರಿಸಿ, ಕಡುನೇರಳೆಯಿಂದ ಹಸಿರಿನ ಮೂಲಕ ಹಳದಿಗೆ ಒಂದೇ ಸಮನೆ ಬೆಳಗುತ್ತ ಹೋಗುವ ‘ವಿರಿಡಿಸ್’ ಪಟ್ಟಿಯನ್ನು ಮೂಲ ಆಯ್ಕೆಯಾಗಿಸಿತು. ಕೆಂಪು, ಹಸಿರುಗಳ ಭೇದ ಕಾಣದವರೂ ಇದನ್ನು ಓದಬಲ್ಲರು.

ಪಟ್ಟಿಯನ್ನು ನೋಡದೆ ಬಣ್ಣವನ್ನಷ್ಟೇ ನಂಬುವವರು ಮೋಸಹೋಗುವುದಕ್ಕೆ ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಮಳೆ ನಕ್ಷೆಯೇ ಸಾಕು. ಅದರಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆ ಮಳೆಯಾದ ಜಿಲ್ಲೆಗೆ ಕೆಂಪು, ಶೇ 60ರಿಂದ 99ರಷ್ಟು ಕಡಿಮೆಯಾದ ಜಿಲ್ಲೆಗೆ ಹಳದಿ. ಬಳ್ಳಾರಿ ಕೆಂಪಾಗಿ, ಪಕ್ಕದ ಜಿಲ್ಲೆ ಹಳದಿಯಾಗಿ ಕಂಡ ವಾರದಲ್ಲಿ ಮಳೆ ಹೆಚ್ಚು ಕೈಕೊಟ್ಟಿರುವುದು ಹಳದಿ ಜಿಲ್ಲೆಗೇ.