ಮಳೆಗೆ ಮುನ್ನ ಕಾರಿನ ಗೀರು ಮುಚ್ಚಿ

ಮಂಗಳೂರಿನ ಇಕ್ಕಟ್ಟಾದ ಓಣಿಗಳಲ್ಲಿ ಕಾರು ತಿರುಗಿಸುವಾಗ ಮುರಕಲ್ಲಿನ ಕಾಂಪೌಂಡಿಗೆ ತಾಗಿ ಗೀರು ಬೀಳುವುದು ಮಾಮೂಲು. ಸಣ್ಣದು ತಾನೇ ಅಂತ ಬಿಟ್ಟುಬಿಡಬೇಡಿ. ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ 3,000 ಮಿ.ಮೀ.ಗೂ ಮೀರಿದ ಮಳೆ ಇರುವ ನಮ್ಮೂರಲ್ಲಿ ತಗಡು ಕಂಡರೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ಕಾರು ತೊಳೆದು ಒರೆಸಿ, ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲ್ಪದರಕ್ಕಷ್ಟೇ ಪೆಟ್ಟಾಗಿದೆ. ಮೆತ್ತನೆಯ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್ ತೆಗೆದುಕೊಂಡು ಹಗುರವಾಗಿ ಉಜ್ಜಿ, ವ್ಯಾಕ್ಸ್ ಹಾಕಿದರೆ ಸಾಕು. ಜೋರಾಗಿ ತಿಕ್ಕಬೇಡಿ. ಪೈಂಟಿನ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಮಿಲಿಮೀಟರಿನ ಐದನೇ ಒಂದು ಪಾಲು ದಪ್ಪವೂ ಇರುವುದಿಲ್ಲ!

ತಗಡು ಕಾಣುತ್ತಿದೆಯೇ? ಟಚ್‌ಅಪ್ ಪೈಂಟ್ ತನ್ನಿ. ಬಣ್ಣದ ಕೋಡ್ ಹೆಚ್ಚಾಗಿ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುತ್ತದೆ, ಬರೆದುಕೊಂಡೇ ಅಂಗಡಿಗೆ ಹೋಗಿ. ತುಕ್ಕಿದ್ದರೆ ನಯವಾದ ಸ್ಯಾಂಡ್‌ಪೇಪರಿನಿಂದ ಅಷ್ಟೇ ಜಾಗ ತಿಕ್ಕಿ, ಧೂಳು ಒರೆಸಿ ಪ್ರೈಮರ್ ಹಚ್ಚಿ. ಒಣಗಿದ ಮೇಲೆ ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಪ್ರತಿ ಸಲವೂ ಒಣಗಲು ಬಿಡಿ. ಕೊನೆಗೆ ಕ್ಲಿಯರ್ ಕೋಟ್. ಈ ಕೆಲಸಕ್ಕೆ ನೆರಳು ಬೇಕು, ಒಣಹವೆ ಬೇಕು. ಹಾಗಾಗಿ ಜೂನ್ ಮಳೆ ಶುರುವಾಗುವ ಮೊದಲೇ ಮುಗಿಸಿ.

ಮಳೆ ಬಂದೇಬಿಟ್ಟಿತೇ? ಗೀರನ್ನು ಚೆನ್ನಾಗಿ ಒಣಗಿಸಿ, ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿಡಿ. ಸದ್ಯಕ್ಕೆ ನೀರು ತಡೆಯುತ್ತದೆ. ಸರಿಯಾದ ರಿಪೇರಿ ಮಳೆಗಾಲ ಕಳೆದ ಮೇಲೆ.

ಪ್ಲಾಸ್ಟಿಕ್ ಬಂಪರಿಗೆ ತುಕ್ಕಿನ ಭಯವಿಲ್ಲ, ಅವಸರವೂ ಬೇಡ. ಆದರೆ ತಗಡು ನೆಗ್ಗಿ ಪೈಂಟ್ ಬಿರುಕು ಬಿಟ್ಟಿದ್ದರೆ ಮನೆಮದ್ದು ಸಾಲದು, ಗ್ಯಾರೇಜಿಗೇ ಒಯ್ಯಿರಿ.